ಮೂವತ್ತು ಹೆಜ್ಜೆ ಹಿಂದಕ್ಕೆ, ಆಮೇಲೆ ಮೇಲಕ್ಕೆ

ಭಾನುವಾರದ ಬೆಳಗು. ಊರಾಚೆಯ ಬಯಲಲ್ಲಿ ಇನ್ನೂ ಗಾಳಿ ಎದ್ದಿಲ್ಲ. ಕಾರಿನ ಡಿಕ್ಕಿಯಿಂದ ಇಳಿಸಿದ ಪುಟ್ಟ ಹೆಲಿಕಾಪ್ಟರೊಂದು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದೆ. ಅದರ ಬ್ಲೇಡುಗಳನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದಾರೆ. ಒಬ್ಬ ಕುಕ್ಕರಗಾಲಲ್ಲಿ ಕೂತು ರೋಟರಿನ ಬುಡವನ್ನೇ ನೋಡುತ್ತಿದ್ದಾನೆ. ಇನ್ನೊಬ್ಬ ಟ್ರಾನ್ಸ್‌ಮಿಟರನ್ನು ಕೊರಳಿಗೆ ತೂಗುಹಾಕಿಕೊಂಡು, ಎರಡು ಹೆಬ್ಬೆರಳಲ್ಲಿ ಅದರ ಕಡ್ಡಿಗಳನ್ನು ಆಡಿಸುತ್ತ, ಹೆಜ್ಜೆ ಎಣಿಸುತ್ತ ಹಿಂದು ಹಿಂದಕ್ಕೆ ನಡೆಯುತ್ತಿದ್ದಾನೆ. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಕೂತವನು ಕೈಯೆತ್ತುತ್ತಾನೆ: ಆಡ್ತಾ ಇದೆ, ಹೋಗು.

ಸೈಕಲ್ ನಿಲ್ಲಿಸಿ ಕಾದಿರುವ ಹುಡುಗರಿಗೆ ಇದು ಬೇಸರದ ಆಟ. ಹಾರಿಸೋದು ಯಾವಾಗ ಅಂಕಲ್ ಎಂದರೆ ಉತ್ತರವಿಲ್ಲ. ಮಾತಾಡಿದರೆ ಲೆಕ್ಕ ತಪ್ಪುತ್ತದೆ.

ಈ ಹಿಮ್ಮುಖ ನಡಿಗೆಯ ಹೆಸರು ರೇಂಜ್ ಚೆಕ್. ಕೈಯಲ್ಲಿರುವ ಟ್ರಾನ್ಸ್‌ಮಿಟರಿನ ಆಜ್ಞೆ ಹೆಲಿಕಾಪ್ಟರಿನೊಳಗಿನ ರಿಸೀವರಿಗೆ ಎಷ್ಟು ದೂರದವರೆಗೆ ತಪ್ಪದೆ ಮುಟ್ಟುತ್ತದೆ ಎಂಬುದನ್ನು ನೆಲದ ಮೇಲೇ ತಿಳಿದುಕೊಳ್ಳುವ ಪರೀಕ್ಷೆ ಇದು. ರಿಮೋಟ್ ಕಂಟ್ರೋಲ್ ವಿಮಾನ, ಹೆಲಿಕಾಪ್ಟರ್ ಹಾರಿಸುವ ಹವ್ಯಾಸಿಗಳಿಗೆಲ್ಲ ಇದು ಗೊತ್ತು. ಮಾಡದೆ ಬಿಡುವವರೂ ಬೇಕಾದಷ್ಟಿದ್ದಾರೆ. ‘ಈಗಿನ ರೇಡಿಯೊಗಳಿಗೆ ಅದೆಲ್ಲ ಬೇಕಿಲ್ಲ’ ಎನ್ನುವುದು ಅವರ ಸಮಜಾಯಿಷಿ. ವಸ್ತುಸ್ಥಿತಿ ಅದಕ್ಕೆ ತಿರುಗುಮುರುಗಾಗಿದೆ. ಹಳೆಯ ರೇಡಿಯೊ ಕೈಕೊಡುವ ಮುನ್ನ ನಡುಗಿ ತೋರಿಸುತ್ತಿತ್ತು. ಹೊಸದು ಕೊನೆಯ ಕ್ಷಣದವರೆಗೂ ಚೆನ್ನಾಗಿಯೇ ಕಾಣುತ್ತದೆ, ಆಮೇಲೆ ಒಮ್ಮೆಗೇ ನಿಲ್ಲುತ್ತದೆ.

ಆಟಿಕೆ ಎನ್ನುವ ಮೊದಲು

ಅಂಗಡಿಯಲ್ಲಿ ಸಾವಿರ ರೂಪಾಯಿಗೆ ಸಿಗುವ, ಮನೆಯ ಹಜಾರದಲ್ಲಿ ಹಾರುವ ಹೆಲಿಕಾಪ್ಟರಿನ ಮಾತಲ್ಲ ಇದು. ಹವ್ಯಾಸಿಗಳು ‘700 ಕ್ಲಾಸ್’ ಎನ್ನುವ ಮಾದರಿಯಲ್ಲಿ ಒಂದೊಂದು ಬ್ಲೇಡೂ 700 ಮಿಲಿಮೀಟರ್ ಉದ್ದ. ರೋಟರಿನ ವ್ಯಾಸ ಒಂದೂವರೆ ಮೀಟರಿಗಿಂತ ಹೆಚ್ಚು, ತೂಕ 5 ಕಿಲೋ ಆಸುಪಾಸು. ನಿಮಿಷಕ್ಕೆ 2,000 ಸುತ್ತು ತಿರುಗುವಾಗ ಆ ಕಾರ್ಬನ್ ಫೈಬರ್ ಬ್ಲೇಡಿನ ತುದಿ ಗಂಟೆಗೆ 600 ಕಿಲೋಮೀಟರ್ ವೇಗದ ಹತ್ತಿರ ಓಡುತ್ತಿರುತ್ತದೆ. 2013ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಉದ್ಯಾನವೊಂದರಲ್ಲಿ 19 ವರ್ಷದ ತರುಣ ತಾನೇ ಹಾರಿಸುತ್ತಿದ್ದ ಹೆಲಿಕಾಪ್ಟರ್ ಬಡಿದು ಸತ್ತ. ರೇಡಿಯೊ ಕೆಟ್ಟದ್ದರಿಂದಲೇ ಹಾಗಾಯಿತೆಂದು ಹೇಳುತ್ತಿಲ್ಲ. ಆ ಬ್ಲೇಡಿನ ಶಕ್ತಿ ಎಷ್ಟೆಂಬುದಕ್ಕೆ ಈ ಮಾತು.

ಸಂಪರ್ಕ ಕಡಿದುಹೋದಾಗ ವಿಮಾನಕ್ಕೂ ಹೆಲಿಕಾಪ್ಟರಿಗೂ ದೊಡ್ಡ ವ್ಯತ್ಯಾಸವಿದೆ. ಚೆನ್ನಾಗಿ ಹೊಂದಿಸಿದ ಮಾದರಿ ವಿಮಾನ ಆಜ್ಞೆಯಿಲ್ಲದಿದ್ದರೂ ಒಂದೆರಡು ಸೆಕೆಂಡು ತನ್ನ ಪಾಡಿಗೆ ತೇಲುತ್ತದೆ. ಹೆಲಿಕಾಪ್ಟರಿಗೆ ಆ ಸೌಕರ್ಯವಿಲ್ಲ. ಒಂದು ಕಡೆಗೆ ವಾಲಿದರೆ ಆ ಕಡೆಗೇ ಜಾರುತ್ತ ಹೋಗುತ್ತದೆ. ಮದುವೆ ಮನೆಗಳಲ್ಲಿ ಫೋಟೊ ತೆಗೆಯುವ ಡ್ರೋನ್ ನೋಡಿ ನಮ್ಮ ಕಲ್ಪನೆಯೂ ಸ್ವಲ್ಪ ಹಾಳಾಗಿದೆ. ಅವುಗಳಲ್ಲಿ ಜಿಪಿಎಸ್ ಇರುತ್ತದೆ, ಸಂಪರ್ಕ ತಪ್ಪಿದರೆ ಹೊರಟ ಜಾಗಕ್ಕೆ ತಾವೇ ಮರಳುತ್ತವೆ. ಸಾಮಾನ್ಯ ಮಾದರಿ ಹೆಲಿಕಾಪ್ಟರಿನಲ್ಲಿ ಇರುವುದು ಓಲಾಟ ತಡೆಯುವ ಗೈರೋಗಳು ಮಾತ್ರ. ಮನೆ ಎಲ್ಲಿದೆ, ನೆಲ ಎಷ್ಟು ಕೆಳಗಿದೆ ಎಂಬ ಅರಿವು ಅದಕ್ಕಿಲ್ಲ. ಕೆಲವು ಗೈರೋಗಳಲ್ಲಿ, ಗಾಬರಿಯಾದಾಗ ಒತ್ತಿದರೆ ಹೆಲಿಕಾಪ್ಟರನ್ನು ನೆಟ್ಟಗೆ ನಿಲ್ಲಿಸುವ ‘ರೆಸ್ಕ್ಯೂ’ ಸೌಲಭ್ಯವಿದೆ. ಆ ಗುಂಡಿಯ ಆಜ್ಞೆಯೂ ಅದೇ ರೇಡಿಯೊದ ಮೇಲೆಯೇ ಹೋಗಬೇಕು ತಾನೆ!

ನಡುಗಿ ಹೇಳುತ್ತಿದ್ದ ಕಾಲ

ಜರ್ಮನಿಯ ಡೀಟರ್ ಶ್ಲೂಟರ್ ರೇಡಿಯೊ ನಿಯಂತ್ರಿತ ಹೆಲಿಕಾಪ್ಟರನ್ನು ಹವ್ಯಾಸಿಗಳ ಕೈಗೆ ನಿಲುಕುವಂತೆ ಮಾಡಿದ್ದು 1970ರ ಸುಮಾರಿಗೆ. ಅಲ್ಲಿಂದ ಮೂರು ದಶಕಕ್ಕೂ ಹೆಚ್ಚು ಕಾಲ ಈ ಹವ್ಯಾಸ ನಡೆದದ್ದು ಕಡಿಮೆ ಆವರ್ತನದ ರೇಡಿಯೊಗಳಲ್ಲಿ. ಅಮೆರಿಕದಲ್ಲಿ 72 ಮೆಗಾಹರ್ಟ್ಸ್, ಯುರೋಪಿನಲ್ಲಿ 35 ಮೆಗಾಹರ್ಟ್ಸ್. ಅವುಗಳ ತರಂಗ ಉದ್ದ: ಮೊದಲನೆಯದು 4 ಮೀಟರಿನಷ್ಟು, ಎರಡನೆಯದು ಎಂಟೂವರೆ ಮೀಟರ್. ಅದಕ್ಕೆ ತಕ್ಕಂತೆ ಟ್ರಾನ್ಸ್‌ಮಿಟರಿನಿಂದ ಮೀನು ಹಿಡಿಯುವ ಗಾಳದ ಕೋಲಿನಷ್ಟು ಉದ್ದದ ಆಂಟೆನಾ ಹೊರಗೆಳೆಯಬೇಕಿತ್ತು. ಹೆಲಿಕಾಪ್ಟರಿನ ಹೊಟ್ಟೆಯ ಕೆಳಗೆ ಸುಮಾರು ಒಂದು ಮೀಟರ್ ತಂತಿ ಹಾಯಿಸಬೇಕಿತ್ತು.

ಒಂದೇ ಚಾನೆಲ್ಲಿನಲ್ಲಿ ಇಬ್ಬರು ಸ್ವಿಚ್ ಹಾಕಿದರೆ ಒಂದು ಯಂತ್ರ ಬೀಳುವುದು ಖಚಿತ. ಅದಕ್ಕೇ ಕ್ಲಬ್ಬುಗಳಲ್ಲಿ ಹಲಗೆಯೊಂದಕ್ಕೆ ಚಾನೆಲ್ ಸಂಖ್ಯೆ ಬರೆದ ಕ್ಲಿಪ್ಪುಗಳನ್ನು ಸಿಕ್ಕಿಸಿಡುತ್ತಿದ್ದರು. ಕ್ಲಿಪ್ ಯಾರ ಬಳಿ ಇದೆಯೋ ಅವನಿಗೆ ಮಾತ್ರ ಟ್ರಾನ್ಸ್‌ಮಿಟರ್ ಹಚ್ಚುವ ಹಕ್ಕು.

ಆಗಿನ ರೇಂಜ್ ಚೆಕ್ ಸರಳ. ಉದ್ದದ ಆಂಟೆನಾವನ್ನು ಒಳಗೆ ತಳ್ಳಿ ಗಿಡ್ಡ ಮಾಡಿದರೆ ಹೊರಬೀಳುವ ಶಕ್ತಿ ತಾನಾಗಿ ಕುಗ್ಗುತ್ತಿತ್ತು. ಹಾಗೆಯೇ ದೂರ ನಡೆಯುತ್ತ ಹೋದರೆ ಒಂದು ಹಂತದಲ್ಲಿ ಸರ್ವೋಗಳು, ಎಂದರೆ ಆಜ್ಞೆಯಂತೆ ರೋಟರಿನ ಕೋನ ಬದಲಿಸುವ ಪುಟ್ಟ ಮೋಟಾರುಗಳು, ಯಾರೂ ಹೇಳದಿದ್ದರೂ ಪಟಪಟ ಅದುರುತ್ತಿದ್ದವು. ಇದನ್ನು ಹವ್ಯಾಸಿಗಳು ಜಿಟರ್ ಎನ್ನುತ್ತಿದ್ದರು. ಹಾರಾಟದ ನಡುವೆಯೂ ಅಷ್ಟೆ: ಹೆಲಿಕಾಪ್ಟರ್ ಆಕಾಶದಲ್ಲಿ ಒಮ್ಮೆ ಮುಗ್ಗರಿಸಿದಂತೆ ಕಂಡರೆ ಅನುಭವಿ ಕೂಡಲೇ ಇಳಿಸಿ, ಪೆಟ್ಟಿಗೆ ಬಿಚ್ಚಿ ಕೂರುತ್ತಿದ್ದ. ಆ ಕಾಲದಲ್ಲೇ ಬಂದ ಪಿಸಿಎಂ ಎಂಬ ಪದ್ಧತಿ ಈ ಅದುರಾಟವನ್ನು ಮರೆಮಾಡಲು ಶುರುಮಾಡಿತ್ತು. ಹಳಬರಿಗೆ ಅದರ ಮೇಲೆ ಅಷ್ಟು ಪ್ರೀತಿ ಇರಲಿಲ್ಲ.

ಸದ್ದಿಲ್ಲದ ರೇಡಿಯೊ

2005–06ರಲ್ಲಿ ಸ್ಪೆಕ್ಟ್ರಂ ಕಂಪನಿಯ ಸೆಟ್‌ಗಳೊಂದಿಗೆ 2.4 ಗಿಗಾಹರ್ಟ್ಸ್ ಈ ಬಯಲಿಗೆ ಕಾಲಿಟ್ಟಿತು. ಫುಟಾಬಾ ಮುಂತಾದ ಜಪಾನಿ ಕಂಪನಿಗಳೂ ಹಿಂದೆಯೇ ಬಂದವು. ಚಾನೆಲ್ಲಿನ ಜಗಳ ಮುಗಿಯಿತು. ಪ್ರತಿ ರಿಸೀವರೂ ತನ್ನ ಟ್ರಾನ್ಸ್‌ಮಿಟರಿನ ಗುರುತನ್ನು ನೆನಪಿಟ್ಟುಕೊಂಡು ಬೇರೆಯವರ ಆಜ್ಞೆಗೆ ಕಿವುಡಾಗುತ್ತದೆ. ಈ ಜೋಡಿ ಮಾಡಿಸುವ ಕೆಲಸಕ್ಕೇ ಬೈಂಡ್ ಮಾಡುವುದು ಎನ್ನುತ್ತಾರೆ. ಜೊತೆಗೆ ಬಹುತೇಕ ಸೆಟ್‌ಗಳು ಒಂದೇ ಆವರ್ತನಕ್ಕೆ ಅಂಟಿಕೊಳ್ಳದೆ ಕ್ಷಣಕ್ಷಣವೂ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತಿರುತ್ತವೆ.

ಆವರ್ತನ ಜಿಗಿತದ ಪ್ರಸ್ತಾಪ ಬಂದಲ್ಲೆಲ್ಲ ಹಾಲಿವುಡ್ ನಟಿ ಹೆಡಿ ಲಮಾರ್ ಹೆಸರು ಬರುತ್ತದೆ. ಆಕೆಯೂ ಸಂಗೀತಗಾರ ಜಾರ್ಜ್ ಆಂಥೀಲ್‌ನೂ 1942ರಲ್ಲಿ ಪಡೆದ ಪೇಟೆಂಟ್ ಟಾರ್ಪೆಡೊ ನಿಯಂತ್ರಣದ್ದು. ಪಿಯಾನೊದ ಕೀಲಿಗಳಷ್ಟೇ, 88 ಆವರ್ತನಗಳ ನಡುವೆ ಜಿಗಿಯುವ ಏರ್ಪಾಡು ಅದರಲ್ಲಿತ್ತು. ಇಂದಿನ ರೇಡಿಯೊ ಅದರಿಂದಲೇ ಹುಟ್ಟಿತೆನ್ನುವುದು ಉತ್ಪ್ರೇಕ್ಷೆ. ಉಪಾಯ ಮಾತ್ರ ಅದೇ ಜಾತಿಯದು.

ಹೊಸ ರೇಡಿಯೊ ಆಜ್ಞೆಗಳನ್ನು ಸೆಕೆಂಡಿಗೆ ಹತ್ತಾರು ಕಂತುಗಳಲ್ಲಿ ಕಳಿಸುತ್ತದೆ. ಕೆಟ್ಟು ಬಂದ ಕಂತನ್ನು ರಿಸೀವರ್ ಎಸೆದು, ಹಿಂದಿನದನ್ನೇ ಹಿಡಿದುಕೊಂಡಿರುತ್ತದೆ. ಹತ್ತರಲ್ಲಿ ನಾಲ್ಕು ಕಂತು ಹಾಳಾದರೂ ಪೈಲಟ್‌ಗೆ ಗೊತ್ತಾಗುವುದಿಲ್ಲ. ಸರ್ವೋ ನಯವಾಗಿಯೇ ಆಡುತ್ತದೆ. ಒಂದು ಮಿತಿ ದಾಟಿ ಸಾಲುಸಾಲಾಗಿ ಕಂತುಗಳು ತಪ್ಪಿದಾಗ ಮಾತ್ರ ಎಲ್ಲವೂ ಒಟ್ಟಿಗೆ ಸ್ತಬ್ಧ. ಸ್ಪೆಕ್ಟ್ರಂನವರ ಲೆಕ್ಕದಲ್ಲಿ ಸತತ 45 ಕಂತು ತಪ್ಪಿದರೆ ಅದು ಒಂದು ‘ಹೋಲ್ಡ್’, ಸಮಯದಲ್ಲಿ ಸುಮಾರು ಒಂದು ಸೆಕೆಂಡು. ತಲೆಕೆಳಗಾಗಿ ನೆಲದತ್ತ ನುಗ್ಗುತ್ತಿರುವ ಹೆಲಿಕಾಪ್ಟರಿಗೆ ಒಂದು ಸೆಕೆಂಡು ಬಹಳವಾಯಿತು.

ಈ ಮೌನವನ್ನು ಮುರಿಯಲು ಒಂದು ದಾರಿ ಟೆಲಿಮೆಟ್ರಿ. ಎಷ್ಟು ಕಂತು ತಪ್ಪಿತು, ಯಾವ ಆಂಟೆನಾ ಎಷ್ಟು ಬಾರಿ ಮಂಕಾಯಿತು ಎಂಬುದನ್ನು ರಿಸೀವರ್ ತಿರುಗಿ ಹೇಳುತ್ತದೆ. ಆದರೆ ಅದು ಆಕಾಶಕ್ಕೆ ಹೋದ ಮೇಲಿನ ವರದಿ. ಹೋಗುವ ಮುನ್ನ ತಿಳಿಯಬೇಕಾದರೆ ಕಾಲಿಗೇ ಕೆಲಸ ಕೊಡಬೇಕು.

ಮೂವತ್ತೇ ಯಾಕೆ?

ಇಂದಿನ ಟ್ರಾನ್ಸ್‌ಮಿಟರುಗಳಲ್ಲಿ ಒಳತಳ್ಳಲು ಉದ್ದದ ಆಂಟೆನಾ ಇಲ್ಲ. ಬದಲಿಗೆ ಮೆನುವಿನಲ್ಲಿ ರೇಂಜ್ ಚೆಕ್ ಎಂಬ ಆಯ್ಕೆ ಇರುತ್ತದೆ, ಅದು ಹೊರಬೀಳುವ ಶಕ್ತಿಯನ್ನು ಬೇಕೆಂದೇ ಕುಗ್ಗಿಸುತ್ತದೆ. ಸ್ಪೆಕ್ಟ್ರಂ ಕೈಪಿಡಿ ಈ ಸ್ಥಿತಿಯಲ್ಲಿ 30 ಹೆಜ್ಜೆ, ಅಂದರೆ 28 ಮೀಟರಿನಷ್ಟು ದೂರದಲ್ಲಿ ನಿಂತು ಪರೀಕ್ಷಿಸಲು ಹೇಳುತ್ತದೆ. ಫ್ರ್‌ಸ್ಕೈ ಎಂಬ ಇನ್ನೊಂದು ಕಂಪನಿಯ ಸೆಟ್‌ಗಳಲ್ಲಿ ರೇಂಜ್ ಮೂವತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ.

ಮುಕ್ತ ಬಯಲಲ್ಲಿ ದೂರ ಎರಡು ಪಟ್ಟಾದರೆ ಸಿಗ್ನಲ್ಲಿನ ಬಲ ನಾಲ್ಕನೇ ಒಂದಕ್ಕೆ ಕುಸಿಯುತ್ತದೆ, ಮೂರು ಪಟ್ಟಾದರೆ ಒಂಬತ್ತನೇ ಒಂದಕ್ಕೆ. ಹೀಗಾಗಿ ರೇಂಜನ್ನು ಮೂವತ್ತು ಪಟ್ಟು ಇಳಿಸಬೇಕಾದರೆ ಶಕ್ತಿಯನ್ನು ಒಂಬೈನೂರು ಪಟ್ಟು ಇಳಿಸಬೇಕು. ತಿರುಗಿಸಿ ನೋಡಿದರೆ, ಕುಗ್ಗಿಸಿದ ಶಕ್ತಿಯಲ್ಲಿ 28 ಮೀಟರ್ ದಾಟಿದ ರೇಡಿಯೊ ಪೂರ್ಣ ಶಕ್ತಿಯಲ್ಲಿ 800 ಮೀಟರ್ ಮೇಲೆ ಹೋದೀತು. ನೆಲ, ಹುಲ್ಲು, ತೇವ ಎಲ್ಲವೂ ಈ ಗಣಿತವನ್ನು ಅತ್ತಿತ್ತ ಎಳೆಯುತ್ತವೆ ಎನ್ನುವುದು ಬೇರೆ ಮಾತು. ಒಂದು ಕಂಪನಿಯ ಹೆಜ್ಜೆ ಲೆಕ್ಕವನ್ನು ಇನ್ನೊಂದಕ್ಕೆ ಅನ್ವಯಿಸುವಂತೆಯೂ ಇಲ್ಲ.

ಕಣ್ಣಳತೆಯಲ್ಲೇ ಹಾರಿಸುವ ಹೆಲಿಕಾಪ್ಟರ್ ನೂರೈವತ್ತು ಮೀಟರ್ ಆಚೆ ಹೋದರೆ ಮೂತಿ ಯಾವುದು, ಬಾಲ ಯಾವುದು ಗೊತ್ತಾಗುವುದಿಲ್ಲ. ಹಾಗಿರುವಾಗ 800 ಮೀಟರ್ ಯಾರಿಗೆ ಬೇಕು ಎನ್ನಬಹುದು. ಉತ್ತರ ಆಂಟೆನಾದ ಸ್ವಭಾವದಲ್ಲಿದೆ. ಕಡ್ಡಿಯಂಥ ಆಂಟೆನಾ ತನ್ನ ಸುತ್ತ ಸಿಗ್ನಲ್ ಹರಡುವುದು ಉದ್ದಿನ ವಡೆಯ ಆಕಾರದಲ್ಲಿ. ಆಂಟೆನಾ ಇರುವುದು ವಡೆಯ ತೂತಿನಲ್ಲಿ. ಸುತ್ತಲೂ ಧಾರಾಳ, ತುದಿಯ ನೇರಕ್ಕೆ ಮಾತ್ರ ಬಹುತೇಕ ಖಾಲಿ. ಟ್ರಾನ್ಸ್‌ಮಿಟರಿನ ಆಂಟೆನಾವನ್ನು ಬಂದೂಕಿನಂತೆ ಹೆಲಿಕಾಪ್ಟರಿನತ್ತ ಗುರಿಯಿಟ್ಟು ನಿಲ್ಲುವವರು ತಮಗೆ ಗೊತ್ತಿಲ್ಲದೆ ಅತಿ ದುರ್ಬಲ ಭಾಗವನ್ನೇ ಅದಕ್ಕೆ ತೋರಿಸುತ್ತಿರುತ್ತಾರೆ. ಇತ್ತ ಮೇಲಿರುವ ಯಂತ್ರವೂ ಪಲ್ಟಿ ಹೊಡೆಯುತ್ತ ಪ್ರತಿ ಕ್ಷಣ ದಿಕ್ಕು ಬದಲಿಸುತ್ತಿರುತ್ತದೆ. ನಡುವೆ ಬ್ಯಾಟರಿ ಬರುತ್ತದೆ, ಮೋಟಾರು ಬರುತ್ತದೆ. ಎರಡೂ ಕಡೆಯ ದುರ್ಬಲ ಮಗ್ಗುಲು ಒಂದಾದ ಗಳಿಗೆಯಲ್ಲಿ ಉಳಿದಿರುವ ಚೂರು ಸಿಗ್ನಲ್ಲೇ ಗತಿ. ಅದಕ್ಕಾಗಿ ಅಷ್ಟು ಹೆಚ್ಚುವರಿ.

ಸ್ಟೂಲಿನ ಬಳಿ ಕೂತವನ ಕೆಲಸ

ಮೊದಲ ನಿಯಮ ಬ್ಲೇಡುಗಳದ್ದು: ಮುಖ್ಯ ಬ್ಲೇಡುಗಳನ್ನೂ ಬಾಲದ ಬ್ಲೇಡುಗಳನ್ನೂ ಬಿಚ್ಚಿಡಬೇಕು, ಇಲ್ಲವೇ ಮೋಟಾರಿನ ತಂತಿ ಕಳಚಬೇಕು. ಟ್ರಾನ್ಸ್‌ಮಿಟರ್ ಮೊದಲು, ಹೆಲಿಕಾಪ್ಟರ್ ಆಮೇಲೆ ಆನ್. ಆಫ್ ಮಾಡುವಾಗ ಇದೇ ಕ್ರಮ ಹಿಂದುಮುಂದು. ಯಂತ್ರವನ್ನು ನೆಲದ ಮೇಲಿಡದೆ ಮರದ ಅಥವಾ ಪ್ಲಾಸ್ಟಿಕ್ಕಿನ ಪೀಠದ ಮೇಲಿಡುವುದು ವಾಡಿಕೆ. ನೆಲ, ಅದರಲ್ಲೂ ಒದ್ದೆ ನೆಲ, ಸಿಗ್ನಲ್ಲನ್ನು ಕೆಡಿಸುತ್ತದೆ. ಕಬ್ಬಿಣದ ಮೇಜು ಬೇಡವೇ ಬೇಡ.

ನಂತರ ನಡಿಗೆ. ದೂರ ಹೋದವನು ಹಾರಿಸುವಾಗ ಹೇಗೆ ನಿಲ್ಲುತ್ತಾನೋ ಹಾಗೆಯೇ ಯಂತ್ರಕ್ಕೆ ಮುಖಮಾಡಿ ನಿಲ್ಲಬೇಕು, ಕಡ್ಡಿಗಳನ್ನು ಎಡೆಬಿಡದೆ ಆಡಿಸಬೇಕು. ಕೂತವನು ರೋಟರ್ ಬುಡದ ಸ್ವಾಶ್‌ಪ್ಲೇಟ್, ಎಂದರೆ ಸರ್ವೋಗಳು ಓಲಿಸುವ ತಟ್ಟೆಯ ಮೇಲೆ ಕಣ್ಣಿಟ್ಟಿರಬೇಕು. ಚಲನೆ ಒಂದೆಡೆ ತಡೆದು ಮುಂದೆ ಹಾರಿದರೆ, ಇಲ್ಲವೇ ಪೂರ್ತಿ ನಿಂತರೆ, ಹೆಜ್ಜೆ ಎಷ್ಟೆಂದು ಕೇಳಬೇಕು. ಇಲ್ಲಿಗೆ ಅರ್ಧ ಮುಗಿಯಿತು. ಬಹಳ ಜನ ಇಷ್ಟಕ್ಕೇ ನಿಲ್ಲಿಸುತ್ತಾರೆ. ಹೆಲಿಕಾಪ್ಟರಿನ ಮೂತಿ ಟ್ರಾನ್ಸ್‌ಮಿಟರಿನ ಕಡೆಗಿರುವಾಗ ಒಳ್ಳೆಯ ಫಲಿತಾಂಶ ಸಿಕ್ಕಿತೆಂದು ಬಾಲ ಆ ಕಡೆಗಿದ್ದಾಗಲೂ ಸಿಗಬೇಕೆಂದಿಲ್ಲ. ಕೂತವನು ಯಂತ್ರವನ್ನು ಸುತ್ತ ತಿರುಗಿಸಿ, ಮಗ್ಗುಲಾಗಿಸಿ, ಹೊಟ್ಟೆ ಮೇಲೆ ಮಾಡಿ ತೋರಿಸಬೇಕು. ಅತಿ ಕೆಟ್ಟ ದಿಕ್ಕಿನ ಹೆಜ್ಜೆಯೇ ನಿಜವಾದ ಅಂಕ.

ಆಮೇಲೆ ಮೋಟಾರು ತಿರುಗಿಸಿ ಇನ್ನೊಮ್ಮೆ, ಬ್ಲೇಡಿಲ್ಲದೆ, ಯಂತ್ರವನ್ನು ಭದ್ರವಾಗಿ ಹಿಡಿದು. ಮೋಟಾರು ನಿಂತಾಗ ನಲವತ್ತು ಹೆಜ್ಜೆ ಹೋಗಿ, ತಿರುಗುವಾಗ ಇಪ್ಪತ್ತಕ್ಕೇ ಮುಗ್ಗರಿಸಿದರೆ, ತಪ್ಪು ಎಲ್ಲಿದೆಯೆಂದು ಅರ್ಧ ಗೊತ್ತಾದಂತೆಯೇ.

ಶತ್ರು ಒಳಗೇ

ರೇಂಜ್ ಕಡಿಮೆ ಬಂದಾಗ ಜನ ಮೊದಲು ಬೈಯುವುದು ಅಕ್ಕಪಕ್ಕದ ವೈ-ಫೈ, ಮೊಬೈಲ್ ಟವರುಗಳನ್ನು. ಅಪಾರ್ಟ್‌ಮೆಂಟುಗಳು ಒತ್ತಿ ನಿಂತ ಬೆಂಗಳೂರಿನ ಅಂಚಿನಲ್ಲಿ ವೈ-ಫೈ ಗದ್ದಲವೂ ಸುಳ್ಳಲ್ಲ, ಅದೂ 2.4 ಗಿಗಾಹರ್ಟ್ಸ್ ಪಟ್ಟಿಯನ್ನೇ ಬಳಸುತ್ತದೆ. ಆದರೂ ಮೊದಲು ಹುಡುಕಬೇಕಾದ್ದು ಹೆಲಿಕಾಪ್ಟರಿನೊಳಗೆ.

2.4 ಗಿಗಾಹರ್ಟ್ಸ್ ತರಂಗದ ಉದ್ದ ಹನ್ನೆರಡೂವರೆ ಸೆಂಟಿಮೀಟರ್. ರಿಸೀವರಿನ ಆಂಟೆನಾದಲ್ಲಿ ನಿಜವಾಗಿ ಕೆಲಸ ಮಾಡುವುದು ಅದರ ಕಾಲು ಭಾಗ, ತುದಿಯ 31 ಮಿಲಿಮೀಟರ್ ಬೆತ್ತಲೆ ತಂತಿ ಮಾತ್ರ. ಅಷ್ಟು ಗಿಡ್ಡ ತಂತಿ ಕಾರ್ಬನ್ ಫೈಬರ್ ಚೌಕಟ್ಟಿನ ಹಿಂದೆ ಅಡಗಿದರೆ ಮುಗಿಯಿತು. ಕಾರ್ಬನ್ ವಿದ್ಯುತ್ ಹಾಯಿಸುವ ವಸ್ತು, ರೇಡಿಯೊ ತರಂಗಕ್ಕೆ ಗೋಡೆ. ಎರಡು ಆಂಟೆನಾಗಳಿದ್ದರೆ ಒಂದಕ್ಕೊಂದು ಲಂಬಕೋನದಲ್ಲಿ, ಚೌಕಟ್ಟಿನಿಂದ ಹೊರಚಾಚಿರಬೇಕು. ಅಂದವಾಗಿ ಕಾಣಲೆಂದು ಅವನ್ನು ತಂತಿಗಳ ಗಂಟಿನ ಜೊತೆ ಕಟ್ಟಿ ಒಳಗೆ ತುರುಕುವುದು ಈ ಹವ್ಯಾಸದ ಅತಿ ಸಾಮಾನ್ಯ ಅಪರಾಧ.

ಇನ್ನೊಂದು ಕಳ್ಳ ಬಾಲದ ಬೆಲ್ಟು. ಹಲವು ಮಾದರಿಗಳಲ್ಲಿ ಬಾಲದ ರೋಟರನ್ನು ತಿರುಗಿಸುವುದು ಕೊಳವೆಯೊಳಗೆ ಓಡುವ ರಬ್ಬರ್ ಬೆಲ್ಟ್. ಅದು ಪ್ಲಾಸ್ಟಿಕ್ ಗಾಲಿಗಳಿಗೆ ಉಜ್ಜಿ ಸ್ಥಿರ ವಿದ್ಯುತ್ತು ಕೂಡಿಸುತ್ತದೆ. ಕೂಡಿದ್ದು ಎಲ್ಲೋ ಚಟ್ಟೆಂದು ಕಿಡಿಯಾಗಿ ಹಾರಿದಾಗ ಸರ್ವೋಗಳು ಬೆಚ್ಚುತ್ತವೆ. ಗಾಳಿ ಒಣಗಿದಷ್ಟೂ ಇದು ಜಾಸ್ತಿ. ಕರಾವಳಿಯ ಮಳೆಗಾಲದಲ್ಲಿ ಸುಮ್ಮನಿರುವ ಯಂತ್ರ ಬಯಲುಸೀಮೆಯ ಜನವರಿಯಲ್ಲಿ ತಂಟೆ ಮಾಡಬಹುದು. ಬಾಲದ ಕೊಳವೆಯನ್ನು ಮೋಟಾರಿನ ಲೋಹದ ಪೀಠಕ್ಕೆ ತೆಳು ತಂತಿಯಿಂದ ಜೋಡಿಸುವುದು ಅನುಭವಿಗಳ ಪರಿಹಾರ.

ರೇಂಜ್ ಸಮಸ್ಯೆಯ ವೇಷದಲ್ಲಿ ಬರುವ ಮೂರನೆಯ ತೊಂದರೆಗೆ ರೇಡಿಯೊ ಕಾರಣವೇ ಅಲ್ಲ. ಎಲ್ಲ ಸರ್ವೋಗಳೂ ಒಟ್ಟಿಗೆ ಜೋರಾಗಿ ಎಳೆದಾಗ ವಿದ್ಯುತ್ ಪೂರೈಕೆ ಕುಸಿಯುತ್ತದೆ, ವೋಲ್ಟೇಜು ಸುಮಾರು ಮೂರೂವರೆಗಿಂತ ಕೆಳಗಿಳಿದರೆ ರಿಸೀವರ್ ನಿಂತು, ಮತ್ತೆ ಮೊದಲಿನಿಂದ ಎಚ್ಚರಗೊಳ್ಳುತ್ತದೆ. ಮೊದಮೊದಲ 2.4 ರಿಸೀವರುಗಳಿಗೆ ಇದಕ್ಕೆ ಹಲವು ಸೆಕೆಂಡು ಬೇಕಾಗುತ್ತಿತ್ತು. ಬಿದ್ದ ಮೇಲೆ ಎತ್ತಿ ನೋಡಿದರೆ ಎಲ್ಲವೂ ಸರಿಯಾಗಿಯೇ ಆಡುತ್ತದೆ. ‘ಸಿಗ್ನಲ್ ಹೋಯಿತು’ ಎಂದು ಗೊಣಗುತ್ತ ಮನೆಗೆ ಹೋದವರೆಷ್ಟೋ! ಪರೀಕ್ಷೆಯ ವೇಳೆ ಕಡ್ಡಿಗಳನ್ನು ನಿಧಾನಕ್ಕಲ್ಲ, ರಭಸದಿಂದ ಆಡಿಸಬೇಕೆನ್ನುವುದು ಇದಕ್ಕೇ. ಆದರೂ ಹಾರಾಟದಲ್ಲಿ ಬ್ಲೇಡುಗಳ ಮೇಲೆ ಬೀಳುವ ಹೊರೆ ಸ್ಟೂಲಿನ ಮೇಲೆ ಸಿಗುವುದಿಲ್ಲ. ಇದು ರೇಂಜ್ ಚೆಕ್‌ನ ಮಿತಿ.

ಸಂಪರ್ಕ ಹೋದರೆ

ಅಷ್ಟಾಗಿಯೂ ಸಿಗ್ನಲ್ ಕಡಿದರೆ ಏನು ಮಾಡಬೇಕೆಂದು ರಿಸೀವರಿಗೆ ಮುಂಚೆಯೇ ಹೇಳಿಟ್ಟಿರುವುದು ಫೇಲ್‌ಸೇಫ್. ಹೆಲಿಕಾಪ್ಟರಿನಲ್ಲಿ ಸಾಮಾನ್ಯ ಆಯ್ಕೆ: ಮೋಟಾರು ಬಂದ್, ಉಳಿದದ್ದು ಇದ್ದಲ್ಲೇ. ಇದರಿಂದ ಯಂತ್ರ ಉಳಿಯುತ್ತದೆಂದು ಯಾರೂ ಭ್ರಮಿಸಬಾರದು. ಮೋಟಾರು ನಿಂತರೂ ಬ್ಲೇಡಿನ ಸುತ್ತಾಟದ ಬಲದಲ್ಲೇ ಮೆಲ್ಲಗೆ ಇಳಿಸುವ ಆಟೊರೊಟೇಶನ್ ಎಂಬ ಕಲೆ ಇದೆ, ಆದರೆ ಅದಕ್ಕೂ ಪೈಲಟ್‌ನ ಆಜ್ಞೆ ಯಂತ್ರವನ್ನು ಮುಟ್ಟಬೇಕು. ಫೇಲ್‌ಸೇಫ್ ಇರುವುದು ಕೆಳಗಿರುವ ಮನುಷ್ಯರಿಗಾಗಿ. ಪೂರ್ತಿ ಶಕ್ತಿಯಲ್ಲಿ ಬೀಳುವುದಕ್ಕೂ ಮೋಟಾರು ನಿಂತು ಬೀಳುವುದಕ್ಕೂ ಅಷ್ಟು ಅಂತರವಿದೆ.

ಕೆಲವು ಸೆಟ್‌ಗಳು ಬೈಂಡ್ ಮಾಡುವಾಗ ಕಡ್ಡಿ ಎಲ್ಲಿತ್ತೋ ಅದನ್ನೇ ಫೇಲ್‌ಸೇಫ್ ಎಂದು ನೆನಪಿಡುತ್ತವೆ. ಮೋಟಾರಿನ ಶಕ್ತಿ ಏರಿಳಿಸುವ ಥ್ರಾಟಲ್ ಕಡ್ಡಿ ಮಧ್ಯದಲ್ಲಿದ್ದಾಗ ಬೈಂಡ್ ಮಾಡಿದ್ದರೆ, ಸಂಪರ್ಕ ಹೋದ ಕ್ಷಣ ಮೋಟಾರು ಅರ್ಧ ಶಕ್ತಿಯಲ್ಲಿ ಓಡಲು ತೊಡಗುತ್ತದೆ. ಬ್ಲೇಡು ಹೇಗೂ ಬಿಚ್ಚಿದೆ, ರೇಂಜ್ ಚೆಕ್ ಮುಗಿದ ಕೂಡಲೇ ಟ್ರಾನ್ಸ್‌ಮಿಟರನ್ನು ಆಫ್ ಮಾಡಿ ಮೋಟಾರು ನಿಲ್ಲುತ್ತದೆಯೇ ನೋಡಿದರೆ ಆಯಿತು.

ಬಯಲಿಗೆ ಹೋಗುವ ಮುನ್ನ ಕಾನೂನಿನ ಕಡೆಗೂ ಒಂದು ಕಣ್ಣಿರಲಿ. ಭಾರತದ 2021ರ ಡ್ರೋನ್ ನಿಯಮಗಳು ನಾಲ್ಕು ರೋಟರಿನ ಡ್ರೋನುಗಳಿಗಷ್ಟೇ ಸೀಮಿತವಲ್ಲ. ರೋಟರ್ ಇರುವ ಮಾನವರಹಿತ ಯಂತ್ರಗಳೆಲ್ಲ ಅದರ ವ್ಯಾಪ್ತಿಗೆ ಬರುತ್ತವೆ. ತೂಕಕ್ಕೆ ತಕ್ಕಂತೆ ವರ್ಗ, ಜಾಗಕ್ಕೆ ತಕ್ಕಂತೆ ಹಸಿರು, ಹಳದಿ, ಕೆಂಪು ವಲಯಗಳಿವೆ. ವಿಮಾನ ನಿಲ್ದಾಣಗಳು, ವಾಯುಪಡೆಯ ನೆಲೆಗಳು ಇರುವ ಬೆಂಗಳೂರಿನಂಥ ಊರಲ್ಲಿ ನಕ್ಷೆ ನೋಡದೆ ಹೊರಡುವಂತಿಲ್ಲ.

ಎಷ್ಟು ಬಾರಿ ಮಾಡಬೇಕು? ಅಮೆರಿಕದ ಮಾದರಿ ವಿಮಾನ ಹವ್ಯಾಸಿಗಳ ಸಂಸ್ಥೆ ಎಎಂಎ ತನ್ನ ಸುರಕ್ಷತಾ ಸಂಹಿತೆಯಲ್ಲಿ ಹೊಸ ಯಂತ್ರದ ಅಥವಾ ರಿಪೇರಿಯಾದ ಯಂತ್ರದ ಮೊದಲ ಹಾರಾಟಕ್ಕೆ ಮುನ್ನ ಇದನ್ನು ಕಡ್ಡಾಯ ಮಾಡಿತ್ತು. ದಿನದ ಮೊದಲ ಹಾರಾಟಕ್ಕೆ ಮುನ್ನ ಪ್ರತಿ ಸಲವೂ ಮಾಡುವವರಿದ್ದಾರೆ. ಅವರದ್ದೇ ಸರಿ ಎನಿಸುತ್ತದೆ. ಹೆಜ್ಜೆಯ ಸಂಖ್ಯೆಯನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಇನ್ನೂ ಉತ್ತಮ. ಮೂವತ್ತು ದಾಟಿತು, ಸಾಕು ಎನ್ನುವುದಕ್ಕಿಂತ, ಕಳೆದ ತಿಂಗಳು ಐವತ್ತಿದ್ದದ್ದು ಈಗ ಮೂವತ್ತೈದಾಗಿದೆ ಎನ್ನುವುದು ದೊಡ್ಡ ಸುದ್ದಿ. ಆಂಟೆನಾ ತಂತಿ ಎಲ್ಲೋ ಸವೆದಿರಬಹುದು, ಕಳೆದ ಸಲ ಬಿದ್ದಾಗ ಒಳಗೆ ತುಂಡಾಗಿರಲೂಬಹುದು.

ಕೊನೆಯದಾಗಿ, ಈ ಪರೀಕ್ಷೆಯಿಂದಲೇ ಹುಟ್ಟುವ ಅಪಘಾತವೊಂದಿದೆ: ಶಕ್ತಿ ಕುಗ್ಗಿಸಿದ ಸ್ಥಿತಿಯನ್ನು ಮರೆತು ಹಾಗೆಯೇ ಹಾರಿಸಿಬಿಡುವುದು. ತಯಾರಕರಿಗೂ ಇದು ಗೊತ್ತು. ಕೆಲವು ಸೆಟ್‌ಗಳಲ್ಲಿ ಗುಂಡಿ ಒತ್ತಿ ಹಿಡಿದಿರುವವರೆಗೆ ಮಾತ್ರ ಶಕ್ತಿ ಕುಗ್ಗಿರುತ್ತದೆ, ಬೆರಳು ತೆಗೆದರೆ ಮತ್ತೆ ಪೂರ್ಣ. ಫುಟಾಬಾದ ಕೆಲವು ಸೆಟ್‌ಗಳು 90 ಸೆಕೆಂಡು ಕಳೆದ ಮೇಲೆ ತಾವಾಗಿಯೇ ಪೂರ್ಣ ಶಕ್ತಿಗೆ ಮರಳುತ್ತವೆ. ಮೂವತ್ತು ಹೆಜ್ಜೆ ನಡೆದು, ಕಡ್ಡಿಗಳನ್ನು ಆಡಿಸಿ, ಸ್ಟೂಲಿನ ಮೇಲೆ ಯಂತ್ರವನ್ನು ಒಂದು ಸುತ್ತು ತಿರುಗಿಸಿ ನೋಡಲು ಅಷ್ಟು ಹೊತ್ತು ಸಾಲುತ್ತದೆ. ಸಾಲದಿದ್ದರೆ ಮತ್ತೆ ಮೊದಲಿನಿಂದ ಶುರುಮಾಡಬೇಕು.